ಫಿಕ್ಸ್ಡ್ ಗೇರ್ ಸೈಕಲ್‌ಗೆ ಬ್ರೇಕ್ ಹಾಕುವ ಬಗೆ: ಬೆಂಗಳೂರಿನ ರಸ್ತೆಗಳಿಗೆ ಸಮಗ್ರ ಮಾರ್ಗದರ್ಶಿ

ಫಿಕ್ಸ್ಡ್ ಗೇರ್ ಸೈಕಲ್‌ನಲ್ಲಿ ಫ್ರೀವೀಲ್ ಇರುವುದಿಲ್ಲ. ಹಿಂದಿನ ಚಕ್ರ ಉರುಳುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ತಿರುಗುವ ಪೆಡಲ್‌ಗೆ ಕಾಲಿನಿಂದ ತಡೆ ಕೊಟ್ಟರೆ ಸೈಕಲ್ ನಿಧಾನವಾಗುತ್ತದೆ, ನಿಜ. ಆದರೆ ಅಷ್ಟನ್ನೇ ನೆಚ್ಚಿಕೊಂಡು ಕೈಬ್ರೇಕ್ ಇಲ್ಲದ ಸೈಕಲ್ಲನ್ನು ನಮ್ಮ ಊರಿನ ಟ್ರಾಫಿಕ್ಕಿಗೆ ಇಳಿಸುವುದು ಅಪಾಯ. ಕಾಲಿನ ಕೆಲಸ ವೇಗವನ್ನು ಹಿಡಿತದಲ್ಲಿಡುವುದು. ಸೈಕಲ್ಲನ್ನು ನಿಲ್ಲಿಸುವ ಕೆಲಸ ಮುಂದಿನ ಬ್ರೇಕಿನದು. ಈ ಎರಡನ್ನೂ ಬೇರೆ ಬೇರೆಯಾಗಿ ಕಲಿತು, ಆಮೇಲೆ ಜೊತೆಗೂಡಿಸಬೇಕು.

ಬ್ರೇಕ್ ಬಿದ್ದ ಕೂಡಲೇ ಸವಾರನ ಭಾರ ಮುಂದಕ್ಕೆ ಸರಿಯುತ್ತದೆ. ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟೇ ತಡೆದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಒಣ ಡಾಂಬರಿನ ಮೇಲೆ ಒಳ್ಳೆಯ ಮುಂದಿನ ಬ್ರೇಕ್ ಗುರುತ್ವದ ಅರ್ಧದಷ್ಟು ಬಲದಿಂದ ವೇಗ ಇಳಿಸಬಲ್ಲದು. ಹಿಂದಿನ ಚಕ್ರ ಒಂದರಿಂದಲೇ ಆದರೆ ಅದರ ಅರ್ಧ, ಅಂದರೆ ಕಾಲು ಭಾಗ ಮಾತ್ರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಇದರ ಲೆಕ್ಕ ಹೀಗೆ: ಅಡ್ಡ ಬಂದದ್ದನ್ನು ಕಂಡು ಕೈಕಾಲು ಸ್ಪಂದಿಸುವ ಒಂದು ಸೆಕೆಂಡಿನಲ್ಲೇ 7 ಮೀಟರ್ ಹೋಗಿರುತ್ತದೆ. ಆಮೇಲೆ ಮುಂದಿನ ಬ್ರೇಕ್‌ಗೆ 5 ಮೀಟರ್, ಹಿಂದಿನ ಚಕ್ರಕ್ಕಾದರೆ 10 ಮೀಟರ್. ಒಟ್ಟು 12 ಮತ್ತು 17. ಈ 5 ಮೀಟರ್ ವ್ಯತ್ಯಾಸದಲ್ಲಿ ಒಂದು ಆಟೊ ನಿಂತಿರಬಹುದು.

ವೆಲೊಡ್ರೋಮ್‌ನ (ಸೈಕಲ್ ಪಂದ್ಯದ ಟ್ರ್ಯಾಕ್) ಸೈಕಲ್‌ಗೆ ಬ್ರೇಕ್ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಎದುರಿಗೆ ಯಾರೂ ಬರುವುದಿಲ್ಲ, ಪಕ್ಕದಿಂದ ಯಾರೂ ನುಗ್ಗುವುದಿಲ್ಲ. ರಸ್ತೆಯ ಮಾತು ಬೇರೆ. ಬ್ರಿಟನ್ನಿನ 1983ರ ನಿಯಮಗಳು ರಸ್ತೆಗಿಳಿಯುವ ದೊಡ್ಡವರ ಫಿಕ್ಸ್ಡ್ ಸೈಕಲ್‌ಗೂ ಮುಂದಿನ ಚಕ್ರಕ್ಕೆ ಬ್ರೇಕ್ ಇರಲೇಬೇಕು ಎನ್ನುತ್ತವೆ.

ಮುಂದಿನ ಬ್ರೇಕ್ ಕೂರಿಸುವುದು

ಮೊದಲು ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದ ಕವಲು, ನೋಡಿ. ಫೋರ್ಕಿನ ತಲೆಯಲ್ಲಿ ಬ್ರೇಕ್ ಬೋಲ್ಟ್‌ಗೆ ತೂತು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಡ್ರಿಲ್ ಹಾಕಿಸಲು ಹೋಗಬೇಡಿ. ಟ್ರ್ಯಾಕ್ ಫೋರ್ಕ್ ಆ ಜಾಗದಲ್ಲಿ ಬಲ ಕಳೆದುಕೊಂಡರೆ ಬ್ರೇಕ್ ಒತ್ತಿದಾಗಲೇ ಮುರಿಯುವ ಭಯವಿದೆ. ಕಾರ್ಬನ್ ಫೋರ್ಕ್‌ಗಂತೂ ಡ್ರಿಲ್ ತಾಗಿಸಲೇಬಾರದು. ತೂತಿರುವ ಬೇರೆ ಫೋರ್ಕ್ ಹಾಕಿಸಿ.

ತೂತಿನ ನಡುವಿನಿಂದ ರಿಮ್‌ನ ಪಕ್ಕದಲ್ಲಿ ಪ್ಯಾಡ್ ತಾಗುವ ಪಟ್ಟಿಯ ನಡುವಿನವರೆಗೆ ಅಳೆಯಿರಿ. 39ರಿಂದ 49 ಮಿ.ಮೀ. ಬಂದರೆ ಸಾಮಾನ್ಯ ರೋಡ್ ಕ್ಯಾಲಿಪರ್ (ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಬ್ರೇಕಿನ ಇಕ್ಕಳ) ಸಾಕು. 47ರಿಂದ 57 ಬಂದರೆ ಉದ್ದ ತೋಳಿನ ಕ್ಯಾಲಿಪರ್ ಬೇಕು. ಈ ಅಳತೆ ತೆಗೆದುಕೊಳ್ಳದೆ ಅಂಗಡಿಗೆ ಹೋದರೆ ಪ್ಯಾಡ್ ಟೈರ್‌ಗೆ ಉಜ್ಜುವಂತೆಯೋ ರಿಮ್‌ನಿಂದ ಕೆಳಗಿಳಿಯುವಂತೆಯೋ ಕೂತುಬಿಡುತ್ತದೆ. ಮೊದಲನೆಯದು ಟೈರನ್ನು ಕೊರೆದು ಟ್ಯೂಬ್ ಒಡೆಯುತ್ತದೆ. ಎರಡನೆಯದು ಕಡ್ಡಿಗಳೊಳಗೆ ನುಗ್ಗಿ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು.

ಲಿವರ್, ಅಂದರೆ ಕೈಯಿಂದ ಒತ್ತುವ ಬ್ರೇಕ್ ಹಿಡಿ, ಕೊಳ್ಳುವಾಗ ಬಹಳ ಜನ ಎಡವುತ್ತಾರೆ. ಕ್ಯಾಲಿಪರ್ ಬ್ರೇಕ್‌ಗೆ ಕಡಿಮೆ ಕೇಬಲ್ ಎಳೆಯುವ ಲಿವರ್ ಬೇಕು. ಎಂಟಿಬಿಯ (ಮೌಂಟನ್ ಬೈಕ್) ವಿ-ಬ್ರೇಕ್ ಲಿವರ್ ಹೆಚ್ಚು ಎಳೆಯುತ್ತದೆ. ಅದನ್ನು ಕ್ಯಾಲಿಪರ್‌ಗೆ ಜೋಡಿಸಿದರೆ ಲಿವರ್ ಕಲ್ಲಿನ ಹಾಗೆ ಗಟ್ಟಿ ಅನ್ನಿಸುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ಹ್ಯಾಂಡಲ್ ದಪ್ಪವನ್ನೂ ನೋಡಿಕೊಳ್ಳಿ: ನೇರ ಹ್ಯಾಂಡಲ್‌ಗೆ 22.2 ಮಿ.ಮೀ. ಕ್ಲ್ಯಾಂಪ್, ಡ್ರಾಪ್ ಹ್ಯಾಂಡಲ್‌ಗೆ 23.8. ಕೇಬಲ್‌ನ ತುದಿಯ ಗುಂಡು ರೋಡ್ ಲಿವರ್‌ಗೆ ಒಂದು ಆಕಾರ, ಎಂಟಿಬಿ ಲಿವರ್‌ಗೆ ಇನ್ನೊಂದು ಆಕಾರ. ಉಜ್ಜಿ ತುರುಕಿದ ಗುಂಡು ಲಿವರ್‌ನಲ್ಲಿ ನೆಟ್ಟಗೆ ಕೂರುವುದಿಲ್ಲ, ಒಂದು ದಿನ ಕಳಚಿಕೊಳ್ಳುತ್ತದೆ.

ಕ್ಯಾಲಿಪರ್ ಬೋಲ್ಟನ್ನು 5 ಮಿ.ಮೀ. ಅಲೆನ್ ಕೀಯಿಂದ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಮಾಡಿ. ಪ್ಯಾಡ್‌ನ ಮೇಲಂಚು ರಿಮ್‌ನ ಮೇಲಂಚಿಗಿಂತ 1 ಮಿ.ಮೀ. ಕೆಳಗಿರಲಿ. ಎರಡೂ ಕಡೆ 1ರಿಂದ 2 ಮಿ.ಮೀ. ಸಂದು ಬಿಡಿ. ಪ್ಯಾಡ್‌ನ ಮುಂದಿನ ತುದಿ ರಿಮ್‌ಗೆ ಒಂದು ಕೂದಲೆಳೆ ಮೊದಲು ತಾಗುವಂತೆ ಓರೆಯಾಗಿಟ್ಟರೆ ಕಿರುಚುವುದು ನಿಲ್ಲುತ್ತದೆ. ಲಿವರನ್ನು ಪೂರ್ತಿ ಒತ್ತಿದಾಗಲೂ ಅದಕ್ಕೂ ಹ್ಯಾಂಡಲ್‌ಗೂ ನಡುವೆ 2 ಸೆಂ.ಮೀ. ಜಾಗ ಉಳಿಯಬೇಕು.

ಇಲ್ಲಿ ಮಾರಾಟವಾಗುವ ಅಗ್ಗದ ಫಿಕ್ಸ್ಡ್ ಸೈಕಲ್‌ಗಳಲ್ಲಿ ಬಣ್ಣದ ದಪ್ಪ ರಿಮ್‌ಗಳು ಹೆಚ್ಚು. ರಿಮ್‌ನ ಪಕ್ಕಕ್ಕೂ ಬಣ್ಣ ಬಳಿದಿದ್ದರೆ ಅದು ಬ್ರೇಕ್‌ಗೆ ಮಾಡಿದ್ದಲ್ಲ. ಪ್ಯಾಡ್ ಬಣ್ಣವನ್ನು ಕಿತ್ತು ಮೈಗೆ ಮೆತ್ತಿಕೊಳ್ಳುತ್ತದೆ, ಹಿಡಿತ ಏರುಪೇರಾಗುತ್ತದೆ, ಮಳೆ ಬಂತೆಂದರೆ ಬ್ರೇಕ್ ಇದ್ದೂ ಇಲ್ಲದಂತೆ. ಪಕ್ಕದಲ್ಲಿ ಬೆಳ್ಳಿ ಬಣ್ಣದ, ಸಮವಾಗಿ ಕಡೆದ ಪಟ್ಟಿ ಇರುವ ರಿಮ್ ಕೇಳಿ ಪಡೆಯಿರಿ. ಮುಂದಿನ ಚಕ್ರ ಒಂದಕ್ಕಾದರೂ ಇದು ಬೇಕೇ ಬೇಕು.

ಲಿವರ್ ಬಲಗೈಗೆ ಇರಲಿ. ಬೈಕ್, ಸ್ಕೂಟರ್‌ನಲ್ಲೂ ಮುಂದಿನ ಬ್ರೇಕ್ ಬಲಕ್ಕೇ ಇರುವುದರಿಂದ ಗಾಬರಿಯಲ್ಲಿ ಕೈ ತಾನಾಗಿ ಅತ್ತ ಹೋಗುತ್ತದೆ. ಒಂದು ತೊಡಕು: ಬಲಕ್ಕೆ ತಿರುಗುವ ಸನ್ನೆಗೂ ಅದೇ ಕೈ ಬೇಕು. ಮೊದಲು ಬ್ರೇಕ್ ಒತ್ತಿ ವೇಗ ಇಳಿಸಿ, ಆಮೇಲೆ ಕೈ ಚಾಚಿ, ತಿರುಗುವ ಮುನ್ನ ಲಿವರ್‌ಗೆ ಮರಳಿ. ಹಿಂದಿನ ಚಕ್ರಕ್ಕೂ ಬ್ರೇಕ್ ಹಾಕಿಸಲು ಫ್ರೇಮಿನಲ್ಲಿ ಜಾಗವಿದ್ದರೆ ಹಾಕಿಸಿ. ಚೈನ್ ತುಂಡಾದರೆ ಹಿಂದಿನ ಚಕ್ರದ ಮೇಲೆ ನಿಮ್ಮ ಕಾಲಿಗೆ ಯಾವ ಹಿಡಿತವೂ ಉಳಿಯುವುದಿಲ್ಲ.

ಕಾಗ್, ಲಾಕ್‌ರಿಂಗ್, ಚೈನ್

ಕಾಲಿನ ತಡೆ ಚಕ್ರಕ್ಕೆ ತಲುಪುವುದು ಈ ಮೂರರ ಮೂಲಕ: ಕಾಗ್ ಅಂದರೆ ಹಿಂದಿನ ಹಲ್ಲುಚಕ್ರ, ಲಾಕ್‌ರಿಂಗ್ ಅಂದರೆ ಅದನ್ನು ಹಿಡಿದಿಡುವ ಬಳೆ, ಮತ್ತು ಚೈನ್. ಫಿಕ್ಸ್ಡ್ ಹಬ್‌ನಲ್ಲಿ (ಹಿಂದಿನ ಚಕ್ರದ ನಡುಭಾಗ) ಎರಡು ಮೆಟ್ಟಿಲು ಮರೆ, ಅಂದರೆ ಸ್ಕ್ರೂ ಥ್ರೆಡ್, ಇರುತ್ತದೆ. ದೊಡ್ಡ ಮರೆಗೆ ಕಾಗ್ ಬಲಕ್ಕೆ ತಿರುಗಿ ಬಿಗಿಯಾಗುತ್ತದೆ; ಅದರ ಹೊರಗಿನ ಚಿಕ್ಕ ಮರೆಗೆ ಲಾಕ್‌ರಿಂಗ್ ಎಡಕ್ಕೆ ತಿರುಗಿ ಬಿಗಿಯಾಗುತ್ತದೆ. ಕಾಲಿನಿಂದ ತಡೆ ಕೊಟ್ಟಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ, ಉಲ್ಟಾ ಮರೆಯ ಲಾಕ್‌ರಿಂಗ್ ಆಗ ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲೇ.

ಆದ್ದರಿಂದ ಹಳೆಯ ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿ ಫಿಕ್ಸ್ಡ್ ಮಾಡಿಸಿಕೊಳ್ಳಬೇಡಿ. ಫ್ರೀವೀಲ್ ಹಬ್‌ನಲ್ಲಿ ಉಲ್ಟಾ ಮರೆಯೇ ಇಲ್ಲ. ಅಂಟು ಹಾಕಿ ಕೂರಿಸಿದ ಕಾಗ್ ಕೂಡ ಅಷ್ಟೇ. ಜೋರಾಗಿ ತಡೆ ಕೊಟ್ಟ ಗಳಿಗೆಯಲ್ಲಿ, ಅಂದರೆ ಬ್ರೇಕ್ ಅತ್ಯಂತ ಬೇಕಾದಾಗಲೇ, ಅದು ಬಿಚ್ಚಿಕೊಳ್ಳುತ್ತದೆ.

ಕೂರಿಸುವಾಗ ಮರೆಯನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ. ಕಾಗ್ ಅನ್ನು ಮೊದಲು ಕೈಯಿಂದಲೇ ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿ ಎನಿಸಿದರೆ ಮರೆ ಓರೆ ಹೊಕ್ಕಿದೆ, ಬಿಚ್ಚಿ ಮತ್ತೆ ಹಾಕಿ. ಚೈನ್ ವಿಪ್‌ನಿಂದ (ಚೈನ್ ತುಂಡು ಜೋಡಿಸಿದ ಹಿಡಿ) ಬಿಗಿ ಮಾಡಿ, ಲಾಕ್‌ರಿಂಗ್ ಪಾನಾದಿಂದ ಲಾಕ್‌ರಿಂಗ್ ಹಾಕಿ. ಸುತ್ತಿಗೆ, ಉಳಿ ಬೇಡ, ರಿಂಗ್‌ನ ಕಚ್ಚು ಕಿತ್ತುಹೋಗುತ್ತದೆ. ಆಮೇಲೆ ಕಾಲಿನಿಂದ ತಡೆ ಕೊಡದೆ, ಕೈಬ್ರೇಕನ್ನು ಮಾತ್ರ ಬಳಸಿಕೊಂಡು, ಯಾವುದಾದರೂ ಏರನ್ನು ಎದ್ದು ನಿಂತು ತುಳಿದು ಹತ್ತಿ. ಕಾಗ್ ಇನ್ನೂ ಸ್ವಲ್ಪ ಒಳಗೆ ಕೂರುತ್ತದೆ. ಇಳಿದು ಲಾಕ್‌ರಿಂಗನ್ನು ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಬಿಟ್ಟರೆ ಮೊದಲನೆಯದು ವ್ಯರ್ಥ.

ಚೈನ್‌ನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು 10ರಿಂದ 12 ಮಿ.ಮೀ. ಆಡಬೇಕು. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗಿರುವುದು ಅಪರೂಪ. ಪೆಡಲ್ ತಿರುಗಿಸುತ್ತಾ ಅತ್ಯಂತ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿಯೂ ಚೂರು ಸಡಿಲ ಉಳಿಯುವಂತೆ ಆಕ್ಸಲ್ ಸರಿಸಿ. ಸಡಿಲ ಹೆಚ್ಚಾದರೆ ಗುಂಡಿಗೆ ಬಿದ್ದಾಗ ಚೈನ್ ಕಳಚಿ, ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡು ಅದನ್ನು ಒಮ್ಮೆಲೇ ಲಾಕ್ ಮಾಡಬಹುದು. ಆಕ್ಸಲ್ ನಟ್‌ಗಳಿಗೆ 15 ಮಿ.ಮೀ. ಪಾನಾ ಬೇಕು. ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಒಂದನ್ನು ಸದಾ ಬ್ಯಾಗಿನಲ್ಲಿಡಿ.

ಪಾದ, ಬಟ್ಟೆ, ಗೇರ್

ಪಾದ ಪೆಡಲ್‌ಗೆ ಅಂಟಿಕೊಂಡಿರದಿದ್ದರೆ ಕಾಲಿನ ತಡೆ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನಿಂದ ಮೇಲೇಳುವ ಪೆಡಲನ್ನು ಒಂದು ಕಾಲು ಕೆಳಕ್ಕೆ ಒತ್ತಬೇಕು, ಅದೇ ಹೊತ್ತಿಗೆ ಮುಂದೆ ಇಳಿಯುವ ಪೆಡಲನ್ನು ಇನ್ನೊಂದು ಕಾಲು ಮೇಲಕ್ಕೆ ಎಳೆಯಬೇಕು. ಎಳೆಯಲು ಸ್ಟ್ರ್ಯಾಪ್, ಟೋ ಕ್ಲಿಪ್ (ಪಾದದ ತುದಿ ಹಿಡಿಯುವ ಪಂಜರ) ಅಥವಾ ಕ್ಲಿಪ್‌ಲೆಸ್ ಪೆಡಲ್ (ಶೂ ತಳವನ್ನೇ ಕಚ್ಚಿಹಿಡಿಯುವ ಪೆಡಲ್) ಬೇಕು. ಹೊಸಬರಿಗೆ ಅಗಲವಾದ ವೆಲ್ಕ್ರೋ ಸ್ಟ್ರ್ಯಾಪ್ ಒಳ್ಳೆಯದು. ಪಾದವನ್ನು ಓರೆಯಾಗಿ ತೂರಿಸಿ ನೇರ ಮಾಡಿದರೆ ಬಿಗಿಯಾಗಬೇಕು, ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಡಬೇಕು. ಚಪ್ಪಲಿ ಬೇಡ. ಶೂ ಲೇಸನ್ನು ಒಳಕ್ಕೆ ಸೇರಿಸಿ, ಬಲಗಾಲಿನ ಪ್ಯಾಂಟ್ ಮಡಚಿ, ವೇಲ್ ಇದ್ದರೆ ಸೊಂಟಕ್ಕೆ ಕಟ್ಟಿ. ಫ್ರೀವೀಲ್ ಸೈಕಲ್‌ನಲ್ಲಿ ಬಟ್ಟೆ ಸಿಕ್ಕಿಕೊಂಡರೆ ಕಾಲು ನಿಲ್ಲಿಸಬಹುದು. ಇಲ್ಲಿ ಸೈಕಲ್ ನಿಲ್ಲುವವರೆಗೆ ಚೈನ್ ಎಳೆಯುತ್ತಲೇ ಹೋಗುತ್ತದೆ.

ಗೇರ್ ಚಿಕ್ಕದಾದಷ್ಟೂ ಕಾಲಿನ ತಡೆಗೆ ಬಲ ಹೆಚ್ಚು. ಏರಿಳಿತದ ನಮ್ಮ ಊರಿಗೆ ಮುಂದೆ 46 ಹಲ್ಲು, ಹಿಂದೆ 17 ಅಥವಾ 18 ಸರಿಹೊಂದುತ್ತದೆ. 46–17ರಲ್ಲಿ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 5.7 ಮೀಟರ್ ಹೋಗುತ್ತದೆ. ಗಂಟೆಗೆ 30 ಕಿ.ಮೀ. ಅಂದರೆ ನಿಮಿಷಕ್ಕೆ 88 ಸುತ್ತು, ನಿಭಾಯಿಸಬಹುದು. 40 ಕಿ.ಮೀ.ಗೆ 117 ಸುತ್ತು. ಅಲ್ಲಿಂದ ಮೇಲೆ ಬಹುಪಾಲು ಜನರ ಸೊಂಟ ಸೀಟಿನ ಮೇಲೆ ಕುಣಿಯತೊಡಗುತ್ತದೆ, ತಡೆ ಕೊಡುವುದಿರಲಿ, ಪೆಡಲ್ ಜೊತೆ ಓಡುವುದೇ ಕಷ್ಟ.

ಅಭ್ಯಾಸ

ಜಾಗ ಮುಖ್ಯ. ಬೆಳಗಿನ ಆರು ಗಂಟೆಗೆ ಬಡಾವಣೆಯ ಖಾಲಿ ಅಡ್ಡರಸ್ತೆ, ಸಮತಟ್ಟಾದ ಆಟದ ಮೈದಾನದ ಡಾಂಬರು ಅಂಚು, ಅಥವಾ ವಾಹನ ಬಿಡದ ಭಾನುವಾರ ಮುಂಜಾನೆ ಕಬ್ಬನ್ ಪಾರ್ಕಿನ ಒಳರಸ್ತೆ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರಿಂದ ದೂರವಿರಿ. ಹೆಲ್ಮೆಟ್, ಕೈಗವಸು ಹಾಕಿಕೊಳ್ಳಿ. ಬಿದ್ದರೆ ಮೊದಲು ತರಚುವುದು ಅಂಗೈ.

1. ಹತ್ತುವ ಮೊದಲು ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ಎದ್ದರೆ ಬ್ರೇಕ್ ಸರಿಯಿದೆ. ಮುಂದಿನ ಚಕ್ರ ಉರುಳಿದರೆ ಸವಾರಿ ಬೇಡ.

2. ಗಂಟೆಗೆ 10–12 ಕಿ.ಮೀ. ವೇಗದಲ್ಲಿ ಕೈಬ್ರೇಕ್ ಮುಟ್ಟದೆ ಕಾಲಿನಿಂದ ಮಾತ್ರ ನಿಲ್ಲಿಸಿ. ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ, ಮೇಲೇಳುವ ಪೆಡಲ್ ಮೇಲೆ ಭಾರ ಹಾಕಿ. ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ನೆಲಕ್ಕೆ ಸಮಾನಾಂತರ ಬರುವ ಗಳಿಗೆಯಲ್ಲಿ ನಿಮ್ಮ ಬಲ ಅತಿ ಹೆಚ್ಚು. ಮಂಡಿಯನ್ನು ಪೂರ್ತಿ ಬಿಗಿಹಿಡಿಯಬೇಡಿ. ಪೆಡಲ್ ಗೆದ್ದು ಕಾಲನ್ನು ಎತ್ತಿ ಎಸೆಯುತ್ತದೆ, ಮಂಡಿಚಿಪ್ಪಿಗೂ ನೋವು. ಒಂದೇ ಏಟಿಗೆ ನಿಲ್ಲಿಸುವುದಲ್ಲ, ಎರಡು ಮೂರು ಸುತ್ತಿನಲ್ಲಿ ಹಂತಹಂತವಾಗಿ ಹೀರಿಕೊಳ್ಳುವುದು.

3. ಈಗ ಕೈಬ್ರೇಕ್ ಮಾತ್ರ. ಎರಡು ಬೆರಳಿನಿಂದ ಒತ್ತಿ. ಮೊದಲು ಪ್ಯಾಡ್ ತಾಗುವಷ್ಟು, ಆಮೇಲೆ ಒಂದು ಸೆಕೆಂಡಿನ ಒಳಗೆ ಒತ್ತಡ ಏರಿಸುತ್ತಾ ಹೋಗಿ. ಮೊಣಕೈ ತುಸು ಮಡಚಿರಲಿ, ಆದರೆ ತೋಳು ಗಟ್ಟಿಯಿರಲಿ. ಮುಂದಿನ ಬ್ರೇಕ್ ಹಾಕಿ ಪಲ್ಟಿ ಹೊಡೆಯುವವರು ಬೀಳುವುದು ಹೆಚ್ಚಾಗಿ ತೋಳಿನಿಂದ ದೇಹವನ್ನು ತಡೆಹಿಡಿಯದೆ ಭಾರವೆಲ್ಲ ಹ್ಯಾಂಡಲ್ ಮೇಲೆ ಬಿದ್ದಾಗ. ಇಡೀ ಹೊತ್ತು ಕಾಲು ಪೆಡಲ್ ಜೊತೆ ತಿರುಗುತ್ತಲೇ ಇರಬೇಕು. ಹೊಸಬರು ಬ್ರೇಕ್ ಒತ್ತಿದ ಕೂಡಲೇ ಹಳೆಯ ಅಭ್ಯಾಸದಿಂದ ಕಾಲು ನಿಲ್ಲಿಸುತ್ತಾರೆ, ಆಗ ಪೆಡಲ್ ಒದೆಯುತ್ತದೆ.

4. ಎರಡನ್ನೂ ಸೇರಿಸಿ: ಸೊಂಟ ಹಿಂದಕ್ಕೆ, ಕಾಲಿನ ತಡೆ, ಲಿವರ್. ಫಿಕ್ಸ್ಡ್ ಗೇರ್‌ನ ದೊಡ್ಡ ಅನುಕೂಲ ಇಲ್ಲಿ ಗೊತ್ತಾಗುತ್ತದೆ. ಹಿಂದಿನ ಟೈರು ಹಿಡಿತ ಕಳೆದುಕೊಳ್ಳುವ ಸೂಚನೆ ನೇರ ನಿಮ್ಮ ಪಾದಕ್ಕೆ ಬರುತ್ತದೆ. ತಡೆ ಕೊಡುತ್ತಿರುವ ಪೆಡಲ್ ತಟ್ಟನೆ ಸಡಿಲವಾಗಿ ಸೋತಂತಾದರೆ ಹಿಂದಿನ ಚಕ್ರ ಹಗುರಾಗಿದೆ ಎಂದರ್ಥ. ಲಿವರನ್ನು ಚೂರು ಬಿಡಿ, ಚಕ್ರ ನೆಲ ಕಚ್ಚುತ್ತದೆ, ಮತ್ತೆ ಒತ್ತಿ. ಬೇರೆ ಸೈಕಲ್‌ಗಳಲ್ಲಿ ಈ ಸುಳಿವು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

5. 15, 20, 25 ಕಿ.ಮೀ. ಹೀಗೆ ವೇಗ ಏರಿಸಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿ ಬ್ರೇಕ್ ಶುರುಮಾಡಿ, ನಿಂತ ಜಾಗವನ್ನು ಹೆಜ್ಜೆಯಿಂದ ಅಳೆಯಿರಿ. 25ರಿಂದ 6 ಮೀಟರ್ ಒಳಗೆ ನೇರವಾಗಿ, ಅಲ್ಲಾಡದೆ ನಿಲ್ಲುವವರೆಗೆ ಮುಖ್ಯರಸ್ತೆಗೆ ಹೋಗಬೇಡಿ.

ನಿಲ್ಲುವಾಗ ಎಡಗಾಲು ಕೆಳಗೆ. ಕೊನೆಯ ಒಂದೆರಡು ಸುತ್ತು ಇರುವಾಗಲೇ ಆ ಕಾಲನ್ನು ಬಿಡಿಸಿಕೊಳ್ಳಿ. ನಿಂತ ಮೇಲೆ ಪೆಡಲ್ ಬೇಕಾದ ಎತ್ತರಕ್ಕೆ ಬಂದಿರುವುದಿಲ್ಲ, ಹಿಂದಕ್ಕೆ ತಿರುಗಿಸಲೂ ಆಗುವುದಿಲ್ಲ. ಮುಂದಿನ ಬ್ರೇಕ್ ಒತ್ತಿ ಹಿಡಿದು, ಹಿಂದಿನ ಚಕ್ರವನ್ನು ತುಸು ಎತ್ತಿ, ಬಲಗಾಲಿನಿಂದ ಕ್ರ್ಯಾಂಕನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದಿಟ್ಟುಕೊಳ್ಳಿ. ಸಿಗ್ನಲ್ ಹಸಿರಾದಾಗ ತಡವರಿಸಬೇಕಾಗುವುದಿಲ್ಲ.

ಸ್ಕಿಡ್ ಬಗ್ಗೆ

ಭಾರವನ್ನು ಮುಂದಕ್ಕೆ ಹಾಕಿ, ಹಿಂದಿನ ಚಕ್ರ ಹಗುರಾದಾಗ ಪೆಡಲನ್ನು ಬಿಗಿಹಿಡಿದರೆ ಟೈರು ಕರ್ರೆಂದು ಜಾರುತ್ತದೆ. ನೋಡಲು ಚೆಂದ. ಬ್ರೇಕ್ ಆಗಿ ಇದು ಅತ್ಯಂತ ದುರ್ಬಲ, ಕಾರಣ ಎರಡು. ಜಾರುವ ರಬ್ಬರಿನ ಹಿಡಿತ ಉರುಳುವ ರಬ್ಬರಿಗಿಂತ ಕಡಿಮೆ. ಜೊತೆಗೆ, ಸ್ಕಿಡ್ ಶುರುವಾಗಲು ನೀವೇ ಆ ಚಕ್ರದ ಭಾರ ತೆಗೆದಿರುತ್ತೀರಿ. ಜಾರುವಾಗ ಸೈಕಲ್‌ನ ಹಿಂಭಾಗ ಪಕ್ಕಕ್ಕೆ ಸರಿದರೆ ತಿದ್ದಲು ಸಮಯವಿರುವುದಿಲ್ಲ. ಖಾಲಿ ಜಾಗದಲ್ಲಿ ಕಲಿತಿರಿ, ಏಕೆಂದರೆ ಅಕಸ್ಮಾತ್ ಜಾರಿದಾಗ ಪೆಡಲ್ ಸಡಿಲಿಸಿ ಚಕ್ರವನ್ನು ಮತ್ತೆ ಉರುಳಿಸುವುದು ಗೊತ್ತಿರಬೇಕು.

ಟೈರ್ ಸವೆತಕ್ಕೂ ಲೆಕ್ಕವಿದೆ. ಮುಂದಿನ ಹಲ್ಲು, ಹಿಂದಿನ ಹಲ್ಲುಗಳ ಭಿನ್ನರಾಶಿಯನ್ನು ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯಷ್ಟು ಜಾಗಗಳಲ್ಲಿ ಟೈರು ಸವೆಯುತ್ತದೆ, ಸದಾ ಒಂದೇ ಕಾಲು ಮುಂದಿಟ್ಟು ಜಾರಿಸುವವರಿಗೆ. 48–16 ಅಂದರೆ 3–1: ಪ್ರತಿ ಸಲವೂ ಅದೇ ಒಂದು ಜಾಗ, ಬೇಗನೆ ದಾರ ಕಾಣಿಸುತ್ತದೆ. 46–16 ಅಂದರೆ 23–8, ಎಂಟು ಜಾಗ. 46–17ಕ್ಕೆ ಹದಿನೇಳು. ಹಿಂದೆ 17ರ ಕಾಗ್ ಹಾಕಲು ಇದೂ ಒಂದು ಕಾರಣ.

ನಮ್ಮ ರಸ್ತೆಗಳಲ್ಲಿ

ಹಂಪ್ ಬಂದಾಗ ಕಾಲು ನಿಲ್ಲಿಸಿ ಹಾರಿಸುವಂತಿಲ್ಲ. ಹಂಪಿಗೆ ಮೊದಲೇ ವೇಗ ಇಳಿಸಿ, ಲಿವರ್ ಬಿಟ್ಟು, ಪೆಡಲ್ ತಿರುಗುತ್ತಿರುವಂತೆಯೇ ಸೀಟಿನಿಂದ ಎರಡು ಬೆರಳು ಮೇಲೇಳಿ. ಹಂಪಿನ ಮೇಲೆ, ಗುಂಡಿಯೊಳಗೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಮುಂದಿನ ಬ್ರೇಕ್ ಒತ್ತಲೇಬೇಡಿ. ಬಣ್ಣ ಬಳಿದಿಲ್ಲದ ಹಂಪುಗಳು ಬಹಳ ಇರುವುದರಿಂದ ರಾತ್ರಿ ವೇಗ 20 ಮೀರದಿರಲಿ. ತಿರುವಿನಲ್ಲೂ ಪೆಡಲ್ ತಿರುಗುತ್ತಿರುತ್ತದೆ, ಹೆಚ್ಚು ವಾಲಿದರೆ ಒಳಗಿನ ಪೆಡಲ್ ನೆಲಕ್ಕೆ ಬಡಿದು ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. 170ರ ಬದಲು 165 ಮಿ.ಮೀ. ಕ್ರ್ಯಾಂಕ್ ಹಾಕಿದರೆ ಸ್ವಲ್ಪ ಅವಕಾಶ ಸಿಗುತ್ತದೆ. ಆದರೂ ಬ್ರೇಕ್ ಕೆಲಸ ತಿರುವಿಗೆ ಮೊದಲೇ ಮುಗಿದಿರಬೇಕು.

ಮಳೆಯಲ್ಲಿ ರಿಮ್ ಮೇಲಿನ ನೀರನ್ನು ಪ್ಯಾಡ್ ಮೊದಲು ಒರೆಸಬೇಕು, ಆಮೇಲೆಯೇ ಹಿಡಿತ. ನಿಲ್ಲಬೇಕಾದ ಜಾಗ ಕಾಣುವ ಮೊದಲೇ ಹಗುರವಾಗಿ ಒತ್ತುತ್ತಾ ರಿಮ್ ಒಣಗಿಸಿಕೊಳ್ಳಿ, ಮುಂದಿನ ವಾಹನಕ್ಕೆ ಎರಡು ಪಟ್ಟು ಅಂತರ ಬಿಡಿ. ಬಹುದಿನದ ಒಣ ಹವೆಯ ನಂತರದ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು, ರಸ್ತೆಯ ಮೇಲಿನ ಎಣ್ಣೆ, ಧೂಳು ಕಲೆತು ಜಿಡ್ಡಾಗಿರುತ್ತದೆ. ಬೇಸಿಗೆಯಲ್ಲಿ ಜಯನಗರ, ಮಲ್ಲೇಶ್ವರದ ಮರಸಾಲುಗಳ ಕೆಳಗೆ ಹೊಂಗೆ ಹೂವು, ಗುಲ್‌ಮೊಹರ್ ಎಸಳು ರಾಶಿ ಬೀಳುತ್ತದೆ. ಒಂದು ಹನಿ ಮಳೆ ಬಿದ್ದರೂ ಆ ಹಾಸು ಜಾರುತ್ತದೆ. ಅಲ್ಲಿ ಕಾಲಿನ ತಡೆಗೆ ಹೆಚ್ಚು ಪಾಲು ಕೊಡಿ, ಏಕೆಂದರೆ ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ.

ನಿಂತ ಬಸ್ಸಿನ ಎಡಕ್ಕೆ ನುಗ್ಗಬೇಡಿ, ಇಳಿಯುವವರು ನೇರ ನಿಮ್ಮ ಮುಂದೆ ಕಾಲಿಡುತ್ತಾರೆ. ಕೈ ತೋರಿಸುವ ಪ್ರಯಾಣಿಕ ಫುಟ್‌ಪಾತ್ ಮೇಲೆ ಕಂಡರೆ ಪಕ್ಕದ ಆಟೊ ಎಡಕ್ಕೆ ಬರುತ್ತದೆಂದೇ ತಿಳಿದು ಲಿವರ್ ಮೇಲೆ ಬೆರಳಿಡಿ.

ಫ್ಲೈಓವರ್, ಅಂಡರ್‌ಪಾಸ್ ಇಳಿಜಾರಿಗೆ ಒಂದೇ ನಿಯಮ: ವೇಗ ಏರಿದ ಮೇಲೆ ಇಳಿಸುವುದಲ್ಲ, ಏರಲು ಬಿಡಬಾರದು. ಇಳಿಜಾರಿನ ತಲೆಯಲ್ಲೇ ಕಾಲಿನ ತಡೆ ಶುರುಮಾಡಿ, ಬೇಕಾದಂತೆ ಲಿವರ್ ಒತ್ತಿ. ಅಂಡರ್‌ಪಾಸ್‌ನ ತಳದಲ್ಲಿ ನೀರು, ಮರಳು ನಿಂತಿರುವುದು ಸಾಮಾನ್ಯ, ಅಲ್ಲಿಗೆ ತಲುಪುವಾಗ ಬ್ರೇಕ್ ಬಿಟ್ಟಿರಬೇಕು.

ಪೆಡಲ್ ನಿಮ್ಮ ಹಿಡಿತ ತಪ್ಪಿ ಪಾದ ಕಳಚಿಕೊಂಡರೆ ತಿರುಗುವ ಪೆಡಲನ್ನು ಹುಡುಕಲು ಹೋಗಬೇಡಿ. ಎರಡೂ ಕಾಲನ್ನು ಅಗಲಿಸಿ ಹೊರಗಿಟ್ಟು, ಕೈಬ್ರೇಕಿನಿಂದಲೇ ನಿಲ್ಲಿಸಿ. ಮುಂದಿನ ಕೇಬಲ್ ತುಂಡಾದರೆ ಎಡಕ್ಕೆ ಸರಿಯುತ್ತಾ ಕಾಲಿನ ತಡೆಯಿಂದ ವೇಗ ಇಳಿಸಿ. ಕೇಬಲ್ ಸಾಮಾನ್ಯವಾಗಿ ತುಂಡಾಗುವುದು ಲಿವರ್‌ನೊಳಗಿನ ಗುಂಡಿನ ಬಳಿ. ವಾರಕ್ಕೊಮ್ಮೆ ಲಿವರ್ ಒತ್ತಿ ಅಲ್ಲಿ ಇಣುಕಿ ನೋಡಿ, ಒಂದೇ ಒಂದು ಎಳೆ ಬಿಚ್ಚಿದ್ದರೂ ಬದಲಿಸಿ. ಪ್ಯಾಡ್‌ನ ಗೀರುಗಳು ಅಳಿಸಿಹೋದರೆ ಹೊಸ ಪ್ಯಾಡ್. ಪ್ಯಾಡ್‌ನಲ್ಲಿ ಸಿಕ್ಕಿದ ಮರಳು, ಅಲ್ಯೂಮಿನಿಯಂ ಚೂರನ್ನು ಸೂಜಿಯಿಂದ ತೆಗೆಯಿರಿ, ಇಲ್ಲದಿದ್ದರೆ ರಿಮ್ ಕೊರೆಯುತ್ತದೆ. ರಿಮ್‌ನ ಪಕ್ಕ ಬೆರಳಿಗೆ ಗುಳಿ ಎನಿಸಿದರೆ ರಿಮ್ ಬದಲಿಸುವ ಕಾಲ ಬಂದಿದೆ.

ನಂದಿ ಬೆಟ್ಟಕ್ಕೆ ಫಿಕ್ಸ್ಡ್ ಸೈಕಲ್ ಒಯ್ಯುವವರು ಎರಡೂ ಚಕ್ರಕ್ಕೆ ಕೈಬ್ರೇಕ್ ಇಲ್ಲದೆ ಇಳಿಯಬಾರದು. ಕಡಿದಾದ ತಿರುವುಗಳ ಆ ದಾರಿಯಲ್ಲಿ ಒಂದೇ ಬ್ರೇಕನ್ನು ಸತತವಾಗಿ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಮುಂದಿನದು, ಹಿಂದಿನದು ಎಂದು ಬದಲಾಯಿಸುತ್ತಾ ಒತ್ತಿ ಬಿಡಿ, 25 ಕಿ.ಮೀ. ದಾಟದಂತೆ ಇಳಿಯಿರಿ, ಅರ್ಧದಾರಿಯಲ್ಲಿ ನಿಲ್ಲಿಸಿ ರಿಮ್ ಆರಲು ಬಿಡಿ. ಹಬ್‌ನ ಇನ್ನೊಂದು ಬದಿಗೆ ಫ್ರೀವೀಲ್ ಇದ್ದರೆ ಮೇಲೆಯೇ ಚಕ್ರ ತಿರುಗಿಸಿ ಹಾಕಿಕೊಂಡು ಇಳಿಯುವುದು ಇನ್ನೂ ಒಳ್ಳೆಯದು. 15ರ ಪಾನಾ ಬ್ಯಾಗಿನಲ್ಲಿದ್ದರೆ ಐದು ನಿಮಿಷದ ಕೆಲಸ. ಹಾಗೆ ತಿರುಗಿಸಿದ ಮೇಲೆ ಕಾಲಿನ ತಡೆ ಇರುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಎರಡೂ ಲಿವರ್ ಒತ್ತಿ, ಹಿಂದಿನ ಪ್ಯಾಡ್‌ಗಳು ರಿಮ್‌ಗೆ ಸರಿಯಾಗಿ ತಾಗುತ್ತಿವೆಯೇ ನೋಡಿಕೊಳ್ಳಿ.